ಬಾಗಿಲು ಬಿಚ್ಚೋದು ಸುಲಭ, ಕೂಡಿಸೋದೇ ಕಸರತ್ತು

ಅಕ್ಕಲಕೋಟ: ಡೆಂಟಿಂಗ್-ಪೇಂಟಿಂಗ್ ಮುಗಿದು ಕಾರು ಮನೆಗೆ ಬಂತು. ಬಣ್ಣ ಥಳಥಳ. ಆದರೆ ಬಾಗಿಲು ಸುಮ್ಮನೆ ಹಾಕಿದರೆ ಬೀಳೋದಿಲ್ಲ, ಧಡಲ್ ಅಂತ ಬಡಿಯಬೇಕು. ಒಂದು ಮಳೆ ಬಂದರೆ ಕಾಲ ಕೆಳಗಿನ ಮ್ಯಾಟ್ ಒದ್ದೆ. ಸೊಲ್ಲಾಪುರ, ಅಕ್ಕಲಕೋಟ ಭಾಗದ ಹಳೇ ಕಾರಿನ ಮಾಲೀಕರಿಗೆ ಈ ಪಾಡು ಹೊಸದಲ್ಲ.

ಇಲ್ಲಿ ತಪ್ಪು ಬಣ್ಣದ್ದಲ್ಲ, ಕೂಡಿಸಿದ ಕ್ರಮದ್ದು.

ಗುರುತು ಮೊದಲು: ಪಾನಾ ಹಚ್ಚುವ ಮುನ್ನವೇ ಬಿಜಾಗರಿಯ ಸುತ್ತ ಗೆರೆ ಎಳೆಯಬೇಕು. ಒಳಭಾಗಕ್ಕೂ ಬಣ್ಣ ಬೀಳುವುದಿದ್ದರೆ ಗೆರೆ ಉಳಿಯದು. ಆಗ ಸಂದಿನ ಅಳತೆ ಬರೆದಿಟ್ಟುಕೊಳ್ಳಬೇಕು. ಬಾಗಿಲಿನ ವೈರು ತೆಗೆಯುವ ಮೊದಲು ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಬೇಕು. ಭಾರ ಹಿಡಿಯಲು ಇನ್ನೊಬ್ಬರು ಬೇಕೇ ಬೇಕು.

ಹಿಂದಿನಿಂದ ಮುಂದಕ್ಕೆ: ಕಾರಿನ ಹಿಂಬದಿಯ ಮಗ್ಗುಲು ಬಾಡಿಗೇ ವೆಲ್ಡಿಂಗ್ ಆಗಿರುತ್ತದೆ, ಅದು ಅಲುಗದು. ಅದಕ್ಕೆ ಹಿಂದಿನ ಬಾಗಿಲು ಹೊಂದಿಸಬೇಕು, ಅದಕ್ಕೆ ಮುಂದಿನ ಬಾಗಿಲು, ಆಮೇಲೆ ಮಡ್‌ಗಾರ್ಡ್, ಕೊನೆಗೆ ಬಾನೆಟ್. ಮುಂದಿನಿಂದ ಶುರು ಮಾಡಿದರೆ ವ್ಯತ್ಯಾಸವೆಲ್ಲ ಹಿಂದೆ ಹೋಗಿ ಕೂಡುತ್ತದೆ, ಅಲ್ಲಿ ಸರಿಸಲು ಜಾಗವೇ ಇರೋದಿಲ್ಲ.

ಲಾಕ್ ಕೂಡುವ ಕೊಂಡಿಯನ್ನು ಮೊದಲು ತೆಗೆದಿಟ್ಟು, ಬೋಲ್ಟ್ ಅರ್ಧ ಬಿಗಿದು ಬಾಗಿಲು ಸರಿಸಬೇಕು. ಬಹಳ ಕಾರುಗಳಲ್ಲಿ ಕಂಬದ ಕಡೆಯ ಬೋಲ್ಟ್ ಸಡಿಲಿಸಿದರೆ ಬಾಗಿಲು ಮೇಲೆ-ಕೆಳಗೆ, ಹಿಂದೆ-ಮುಂದೆ ಸರಿಯುತ್ತದೆ. ಬಾಗಿಲ ಕಡೆಯದು ಸಡಿಲಿಸಿದರೆ ಒಳಗೆ-ಹೊರಗೆ. ಸಂದು ಎಷ್ಟು ಮಿಲಿಮೀಟರ್ ಅನ್ನೋದಕ್ಕಿಂತ ಮೇಲಿನಿಂದ ಕೆಳಗಿನವರೆಗೆ ಒಂದೇ ಸಮ ಇರುವುದು ಮುಖ್ಯ. ಕೊಂಡಿ ಕೂಡಿಸೋದು ಕೊನೆಗೆ. ಜೋತುಬಿದ್ದ ಬಾಗಿಲನ್ನು ಕೊಂಡಿಯ ಮೇಲೆ ಎತ್ತಿ ಕೂಡ್ರಿಸಿದರೆ ಲಾಕ್ ಬೇಗ ಸವೆಯುತ್ತದೆ.

ಪಿನ್ ಸವೆದಿದ್ದರೆ: 2014ರಲ್ಲಿ ತಯಾರಿಕೆ ನಿಂತ ಮಾರುತಿ 800ರಂಥ ಹಳೇ ಗಾಡಿಗಳಲ್ಲಿ ಬಿಜಾಗರಿಯ ಪಿನ್ನೇ ಸವೆದಿರಬಹುದು. ಬಾಗಿಲು ಅರ್ಧ ತೆರೆದು ತುದಿ ಹಿಡಿದು ಎತ್ತಿ ನೋಡಿದರೆ ಗೊತ್ತಾಗುತ್ತದೆ. ಅಲುಗಿದರೆ ಪಿನ್, ಬುಶ್ ಬದಲಿಸದೆ ಎಷ್ಟು ಹೊಂದಿಸಿದರೂ ವ್ಯರ್ಥ. ಏನು ಮಾಡಿದರೂ ಸಂದು ಕೂಡದಿದ್ದರೆ ಕಂಬವೇ ಬಾಗಿರಬಹುದು. ಅದು ಮೊಣಕಾಲು ಕೊಟ್ಟು ಒತ್ತಿ ಸರಿಮಾಡುವ ಕೆಲಸ ಅಲ್ಲ, ಬಾಡಿ ಎಳೆಯುವ ಯಂತ್ರ ಇದ್ದಲ್ಲೇ ಒಯ್ಯಬೇಕು.

ಇದು ಬರೀ ಅಂದಚೆಂದದ ಮಾತಲ್ಲ. ಸ್ವಾಮಿ ಸಮರ್ಥರ ದರ್ಶನ ಮುಗಿಸಿ ಹೆಂಡತಿ-ಮಕ್ಕಳ ಜೊತೆ ಗಾಣಗಾಪುರದ ದಾರಿ ಹಿಡಿದಾಗ, ಅರ್ಧ ಲಾಕಿನ ಮೇಲೆ ನಿಂತ ಬಾಗಿಲು ಜೀವಕ್ಕೇ ಕುತ್ತು. ಕಾರು ಮಾರಲು ಹೋದರೂ ಕೊಳ್ಳುವವರ ಕಣ್ಣು ಮೊದಲು ಬೀಳೋದು ಸಂದಿನ ಮೇಲೆ. ಹೆಚ್ಚುಕಡಿಮೆ ಕಂಡರೆ ‘ಆಕ್ಸಿಡೆಂಟ್ ಗಾಡಿ’ ಎಂಬ ಅನುಮಾನ, ದರವೂ ಇಳಿತ.

ಪರೀಕ್ಷೆ ಸುಲಭ. ಬಾಗಿಲ ರಬ್ಬರಿನ ನಡುವೆ ಕಾಗದದ ಪಟ್ಟಿ ಇಟ್ಟು ಮುಚ್ಚಿ ಎಳೆಯಿರಿ. ಸಲೀಸಾಗಿ ಬಂದರೆ ಅಲ್ಲಿ ನೀರು ಸೋರುವ ಸಂಭವವಿದೆ. ಗ್ಯಾರೇಜಿನಲ್ಲಿ ರೊಕ್ಕ ಎಣಿಸುವ ಮುನ್ನ ನಾಲ್ಕೂ ಬಾಗಿಲು ಮೆಲ್ಲಗೆ ಹಾಕಿ ನೋಡ್ರಿ. ಬಡಿದೇ ಹಾಕಬೇಕು ಅಂತಾದರೆ ಕೆಲಸ ಇನ್ನೂ ಮುಗಿದಿಲ್ಲ.