ಮಣ್ಣಾಗುವ ಪ್ಲಾಸ್ಟಿಕ್: ಹೆಸರೂ ಪರೀಕ್ಷೆಯೂ

2005ರ ಜುಲೈ 26ರ ಮಳೆಯನ್ನು ಠಾಣೆ, ಕಲ್ಯಾಣ, ಡೊಂಬಿವಲಿಗಳಲ್ಲಿ ನೆಲಸಿರುವ ಕನ್ನಡಿಗರು ಮರೆತಿರಲಾರರು. ಅಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿ.ಮೀ. ಮಳೆ ಸುರಿಯಿತು, ಇತ್ತ ಉಲ್ಹಾಸ ನದಿ ಉಕ್ಕಿ ಹರಿಯಿತು. ಚರಂಡಿಗಳು ಕಟ್ಟಿಕೊಂಡುದಕ್ಕೆ ಪ್ಲಾಸ್ಟಿಕ್ ಚೀಲಗಳೂ ಒಂದು ಕಾರಣವೆಂದು ಅನಂತರ ಚರ್ಚೆಯಾಯಿತು. 2018ರಲ್ಲಿ ಮಹಾರಾಷ್ಟ್ರ ಸರಕಾರವು ಪ್ಲಾಸ್ಟಿಕ್ ಕೈಚೀಲಗಳನ್ನು ನಿಷೇಧಿಸಿತು. ಇಂದು ಅಂಗಡಿಗಳಲ್ಲಿ ‘ಮಣ್ಣಾಗುವ ಚೀಲ’ವೆಂಬ ಹೊಸ ವಸ್ತು ಕಾಣಿಸಿಕೊಂಡಿದೆ. ಅದು ನಿಜವಾಗಿಯೂ ಮಣ್ಣಾಗುವುದೇ?

ಬಾಳೆಲೆ ಕೊಳೆಯುತ್ತದೆ, ಪಾಲಿಥೀನ್ ಕೊಳೆಯದು. ಎರಡೂ ಇಂಗಾಲದ ಉದ್ದನೆಯ ಸರಪಳಿಗಳಿಂದಲೇ ಆದವು. ಆದರೆ ಎಲೆಯ ಸರಪಳಿಯನ್ನು ಕತ್ತರಿಸಬಲ್ಲ ಕಿಣ್ವಗಳು ಮಣ್ಣಿನ ಸೂಕ್ಷ್ಮಜೀವಿಗಳಲ್ಲಿವೆ. ಪಾಲಿಥೀನಿನ ಸರಪಳಿ ಅವಕ್ಕೆ ಸುಲಭವಾಗಿ ದಕ್ಕುವುದಿಲ್ಲ.

ಜೀವಿಗಳಿಗೆ ದಕ್ಕುವ ಪ್ಲಾಸ್ಟಿಕ್ ಹೊಸ ಕಲ್ಪನೆಯೇನಲ್ಲ. 1926ರಲ್ಲಿ ಫ್ರಾನ್ಸಿನ ಮೊರಿಸ್ ಲೆಮ್ವಾಞ್ ಎಂಬ ವಿಜ್ಞಾನಿ, ಒಂದು ಬಗೆಯ ಬ್ಯಾಕ್ಟೀರಿಯವು ತನ್ನ ಒಡಲಲ್ಲಿಯೇ ಇಂಥ ವಸ್ತುವನ್ನು ಕೂಡಿಡುವುದನ್ನು ಕಂಡುಹಿಡಿದನು. ಮೊಸರಿಗೆ ಹುಳಿ ಕೊಡುವ ಲ್ಯಾಕ್ಟಿಕ್ ಆಮ್ಲವನ್ನು ಮೆಕ್ಕೆಜೋಳದ ಪಿಷ್ಟದಿಂದ ಪಡೆದು, ಅದರ ಅಣುಗಳನ್ನು ಪೋಣಿಸಿದರೆ ‘ಪಿಎಲ್ಎ’ ಎಂಬ ಪ್ಲಾಸ್ಟಿಕ್ ದೊರೆಯುತ್ತದೆ. ಲೋಟ, ತಟ್ಟೆಗಳನ್ನು ಇದರಿಂದ ಮಾಡುತ್ತಾರೆ.

ಇಂಥ ವಸ್ತುವನ್ನು ಪರೀಕ್ಷಿಸುವ ಬಗೆ ಕುತೂಹಲಕರವಾದುದು. ಚೀಲದ ಚೂರುಗಳನ್ನು ಮಾಗಿದ ಗೊಬ್ಬರದಲ್ಲಿ ಬೆರೆಸಿ, ಮುಚ್ಚಿದ ಪಾತ್ರೆಯಲ್ಲಿ ಸುಮಾರು 58 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿಡುತ್ತಾರೆ. ಸೂಕ್ಷ್ಮಜೀವಿಗಳು ಪ್ಲಾಸ್ಟಿಕ್ಕನ್ನು ತಿಂದರೆ ಇಂಗಾಲದ ಡೈಆಕ್ಸೈಡ್ ಅನಿಲವನ್ನು ಹೊರಬಿಡುತ್ತವೆ. ಪಕ್ಕದ ಪಾತ್ರೆಯಲ್ಲಿ ಬರಿಯ ಗೊಬ್ಬರ, ಮತ್ತೊಂದರಲ್ಲಿ ಸೆಲ್ಯುಲೋಸ್ ಇಟ್ಟು ಅನಿಲವನ್ನು ಹೋಲಿಸಿ ಅಳೆಯುತ್ತಾರೆ. 180 ದಿನಗಳೊಳಗೆ ಶೇಕಡಾ 90ರಷ್ಟು ಇಂಗಾಲ ಹೀಗೆ ಅನಿಲವಾಗಬೇಕು. ಬೇರೊಂದು ಪರೀಕ್ಷೆಯಲ್ಲಿ, 12 ವಾರಗಳ ಬಳಿಕ ಜರಡಿ ಹಿಡಿದಾಗ 2 ಮಿ.ಮೀ.ಗಿಂತ ದೊಡ್ಡ ಚೂರುಗಳು ಶೇಕಡಾ 10ನ್ನು ಮೀರಕೂಡದು. ಕೊನೆಗೆ ಆ ಗೊಬ್ಬರದಲ್ಲಿ ಬೀಜ ಬಿತ್ತಿ, ಮೊಳಕೆಗೆ ಕೇಡಿಲ್ಲವೆಂದು ಖಚಿತಪಡಿಸಿಕೊಳ್ಳುತ್ತಾರೆ.

ಇನ್ನು ಕೆಲವು ಚೀಲಗಳಲ್ಲಿ ಪಾಲಿಥೀನಿಗೇ ಲೋಹದ ಲವಣ ಬೆರೆಸಿರುತ್ತಾರೆ. ಬಿಸಿಲಿಗೆ ಅವು ಪುಡಿಯಾಗುತ್ತವೆ. ಆದರೆ ಕಣ್ಣಿಗೆ ಕಾಣದಾದ ಮಾತ್ರಕ್ಕೆ ಮಣ್ಣಾಯಿತೆನ್ನಲಾಗದು; ಆ ಕಣಗಳು ಮಣ್ಣು, ನೀರುಗಳಲ್ಲಿ ಉಳಿಯುತ್ತವೆ. ಐರೋಪ್ಯ ಒಕ್ಕೂಟವು 2021ರಲ್ಲಿ ಇಂಥವುಗಳ ಮಾರಾಟವನ್ನು ನಿಲ್ಲಿಸಿತು.

ಪರೀಕ್ಷೆಯಲ್ಲಿ ತೇರ್ಗಡೆಯಾದ ಚೀಲಕ್ಕೂ ಒಂದು ಮಿತಿಯುಂಟು. ಅದು ಕರಗಲು ಗೊಬ್ಬರದ ರಾಶಿಯ ಕಾವು ಬೇಕು. ಠಾಣೆಯ ಖಾಡಿಯ ನೀರಿಗೆ ಆ ಕಾವೆಲ್ಲಿಂದ ಬರಬೇಕು? ಫ್ಲೆಮಿಂಗೋ ಹಕ್ಕಿಗಳ ಈ ಖಾಡಿ 2022ರಲ್ಲಿ ರಾಮ್ಸಾರ್ ತಾಣವೆನಿಸಿತು. ಅಲ್ಲಿಯ ಕಾಂಡ್ಲಾ ಗಿಡಗಳಿಗೆ ಸಿಕ್ಕಿಕೊಂಡ ಚೀಲ ಯಾವುದಾದರೂ ಬಹುಕಾಲ ಅಲ್ಲಿಯೇ ನೇತಾಡುವುದು.

ಆದುದರಿಂದ ವಾಚಕರು ಗಮನಿಸಬೇಕಾದವು ಇವು:

1. ಚೀಲದ ಮೇಲೆ ಐಎಸ್/ಐಎಸ್ಒ 17088 ಎಂಬ ಮಾನಕವೂ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರದ ಉಲ್ಲೇಖವೂ ಇವೆಯೇ ನೋಡಿರಿ.

2. ಅಂಥ ಚೀಲವನ್ನು, ಗೊಬ್ಬರವಾಗುವ ವ್ಯವಸ್ಥೆಯಿದ್ದಲ್ಲಿ, ಹಸಿ ಕಸದೊಡನೆ ಕೊಡಿರಿ. ಮರುಬಳಕೆಯ ಪ್ಲಾಸ್ಟಿಕ್ಕಿಗೆ ಬೆರೆಸಬೇಡಿರಿ.

3. ಸಾಮಾನ್ಯ ಪಿಎಲ್ಎ ಸುಮಾರು 60 ಡಿಗ್ರಿಗೆ ಮೆತ್ತಗಾಗುವುದು; ಕುದಿಯುವ ಸಾರು, ಕಾಫಿಗಳಿಗೆ ಸ್ಟೀಲಿನ ಪಾತ್ರೆಯೇ ಲೇಸು.

4. ಯಾವ ಪ್ಲಾಸ್ಟಿಕ್ಕನ್ನೂ ಮನೆಯ ಬಳಿ ಸುಡಬೇಡಿರಿ. ಆ ಹೊಗೆ ಮಕ್ಕಳ, ವೃದ್ಧರ ಶ್ವಾಸಕೋಶಕ್ಕೆ ಹಾನಿಕರ.

ಊರಿನಿಂದ ಬರುವಾಗ ನಮ್ಮ ಹಿರಿಯರು ಬಟ್ಟೆಯ ಚೀಲದಲ್ಲಿ ಅವಲಕ್ಕಿ, ಹಪ್ಪಳಗಳನ್ನು ತರುತ್ತಿದ್ದರು. ಆ ಚೀಲಕ್ಕೆ ಯಾವ ಪ್ರಮಾಣಪತ್ರವೂ ಬೇಕಿರಲಿಲ್ಲ. ವಿಜ್ಞಾನ ಮುಂದುವರಿಯಲಿ, ಅದರ ಜೊತೆಗೆ ಆ ಚೀಲವೂ ಮತ್ತೆ ನಮ್ಮ ಕೈಗೆ ಬರಲಿ.