ಒಂದೇ ಬೆಳೆಯನ್ನು ನಂಬಿದ ನಾಡು

ಆಫ್ರಿಕದ ವಿಚಾರ ಬಂದಾಗಲೆಲ್ಲ ನಾವು ಆ ಖಂಡವೇ ಒಂದು ದೇಶವೆಂಬಂತೆ ಮಾತನಾಡುವುದು ವಾಡಿಕೆಯಾಗಿಬಿಟ್ಟಿದೆ. ಬರಗಾಲ, ಸಾಲ, ಸೈನಿಕ ಕ್ರಾಂತಿ ಎಂಬ ಮೂರು ಮಾತುಗಳಲ್ಲಿ ಐವತ್ತಕ್ಕೂ ಹೆಚ್ಚು ರಾಷ್ಟ್ರಗಳ ಕಥೆಯನ್ನು ಮುಗಿಸಿಬಿಡುತ್ತೇವೆ. ಸಹಾರಾದ ಅಂಚಿನಲ್ಲಿರುವ ನೈಜರ್‌ನ ಕಷ್ಟವೇ ಬೇರೆ, ತಾಮ್ರದ ಗಣಿಗಳನ್ನು ನಂಬಿದ ಜಾಂಬಿಯದ ಕಷ್ಟವೇ ಬೇರೆ. ಆದುದರಿಂದ ನಾನು ಇಲ್ಲಿ ಒಂದೇ ದೇಶವನ್ನೂ ಅದರ ಒಂದೇ ಬೆಳೆಯನ್ನೂ ಆರಿಸಿಕೊಂಡಿದ್ದೇನೆ. ದೇಶ ಘಾನಾ, ಬೆಳೆ ಕೊಕೋ. ಅಭಿವೃದ್ಧಿಯೆಂಬ ಸಮಸ್ಯೆ ಎಷ್ಟು ತೊಡಕಿನದೆಂಬುದನ್ನು ಅರಿಯಲು ಈ ಒಂದು ಉದಾಹರಣೆ ಸಾಕೆಂದು ನನ್ನ ಭಾವನೆ.

ಕೊಕೋ ಆಫ್ರಿಕದ ಗಿಡವಲ್ಲ. ದಕ್ಷಿಣ ಅಮೆರಿಕದಿಂದ ಬಂದದ್ದು. ಘಾನಾದಲ್ಲಿ ಅದರ ವ್ಯವಸಾಯಕ್ಕೆ ನಾಂದಿ ಹಾಡಿದವನೆಂದು ಜನ ಇಂದಿಗೂ ಸ್ಮರಿಸುವುದು ಟೆಟ್ಟೆ ಕ್ವಾರ್ಶಿ ಎಂಬ ಕಮ್ಮಾರನನ್ನು. ಆತ ಬಾಸೆಲ್ ಮಿಷನ್ನಿನ ಕಾರ್ಯಾಗಾರದಲ್ಲಿ ಕಸಬು ಕಲಿತವನು. ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನೂ ಮುದ್ರಣಾಲಯವನ್ನೂ ಕಟ್ಟಿದ ಮಿಷನ್ ಇದೇ ಎಂಬುದನ್ನು ಕೇಳುಗರು ಗಮನಿಸಬಹುದು. ಫರ್ನಾಂಡೊ ಪೊ ದ್ವೀಪದಲ್ಲಿ ದುಡಿದು ಹಿಂದಿರುಗುವಾಗ ಆತ ಕೊಕೋ ಬೀಜಗಳನ್ನು ತಂದು, 1870ರ ದಶಕದ ಕೊನೆಯಲ್ಲಿ ಅಕ್ವಾಪೆಮ್ ಬೆಟ್ಟದ ಸೀಮೆಯಲ್ಲಿ ನೆಟ್ಟನು. 1911ರ ಹೊತ್ತಿಗೆ ಗೋಲ್ಡ್ ಕೋಸ್ಟ್ ಎಂದು ಕರೆಯಲ್ಪಡುತ್ತಿದ್ದ ಆ ನಾಡು ಲೋಕದಲ್ಲಿ ಎಲ್ಲರಿಗಿಂತ ಹೆಚ್ಚು ಕೊಕೋ ಬೆಳೆಯುತ್ತಿತ್ತು.

ಈ ಸಾಧನೆ ಬಿಳಿಯರ ದೊಡ್ಡ ತೋಟಗಳದ್ದಲ್ಲ, ಆಫ್ರಿಕದ ಸಣ್ಣ ರೈತರದ್ದು. ಅವರು ಹಲವರು ಒಟ್ಟುಗೂಡಿ ಹಣ ಹಾಕಿ, ದೂರದ ಕಾಡುಭೂಮಿಯನ್ನು ಕೊಂಡು, ಹಂಚಿಕೊಂಡು, ತೋಟ ಮಾಡಿದರು; ಬಂದ ಲಾಭದಲ್ಲಿ ಮತ್ತೆ ಭೂಮಿ ಕೊಂಡರು. ಈ ಸಂಗತಿಯನ್ನು 1963ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ವಿಶದಪಡಿಸಿದವರು ಪಾಲಿ ಹಿಲ್ ಎಂಬ ವಿದುಷಿ. ಮುಂದೆ ಬೆಂಗಳೂರಿನ ಹತ್ತಿರದ ಆನೇಕಲ್ ಸೀಮೆಯ ಹಳ್ಳಿಗಳಲ್ಲಿಯೂ ಅಧ್ಯಯನ ನಡೆಸಿದವರು ಇವರೇ. ಆಫ್ರಿಕದ ರೈತನಿಗೆ ದೂರದೃಷ್ಟಿಯಿಲ್ಲ, ಉಳಿತಾಯದ ಬುದ್ಧಿಯಿಲ್ಲ ಎಂಬ ಮಾತನ್ನು ಈ ಚರಿತ್ರೆಯನ್ನು ಓದಿದವರು ಆಡಲಾರರು.

ಹಾಗಾದರೆ ಬಡತನವೇಕೆ? ಬೆಳೆದವನು ರೈತನಾದರೂ ಬೆಲೆ ಕಟ್ಟುವವನು ಆತನಲ್ಲ. 1937ರಲ್ಲಿ ಯೂರೋಪಿನ ಖರೀದಿ ಕಂಪೆನಿಗಳು ತಮ್ಮೊಳಗೇ ಒಪ್ಪಂದ ಮಾಡಿಕೊಂಡು ಪೈಪೋಟಿಯನ್ನು ನಿಲ್ಲಿಸಿದುವು. ಇದನ್ನು ತಿಳಿದ ರೈತರು ತಿಂಗಳುಗಟ್ಟಲೆ ಕೊಕೋ ಮಾರಲಿಲ್ಲ. ವಿದೇಶಿ ಸಾಮಾನುಗಳನ್ನೂ ಬಹಿಷ್ಕರಿಸಿದರು. ಬ್ರಿಟಿಷ್ ಸರಕಾರ ವಿಚಾರಣಾ ಆಯೋಗವನ್ನು ಕಳುಹಿಸಬೇಕಾಯಿತು. ಕೊನೆಗೆ 1947ರಲ್ಲಿ ಕೊಕೋ ಮಾರಾಟ ಮಂಡಲಿ ಸ್ಥಾಪನೆಯಾಯಿತು. ಬೆಲೆ ಹೆಚ್ಚಿದ್ದಾಗ ಒಂದಿಷ್ಟನ್ನು ಹಿಡಿದಿಟ್ಟು, ಬೆಲೆ ಬಿದ್ದಾಗ ರೈತನ ಕೈಹಿಡಿಯುವುದು ಅದರ ಉದ್ದೇಶವಾಗಿತ್ತು.

ಉದ್ದೇಶವೇನೋ ಒಳ್ಳೆಯದೇ. ಆದರೆ ಹಿಡಿದಿಟ್ಟ ಹಣ ರೈತನಿಗೆ ಹಿಂದಿರುಗಿದ್ದು ಕಡಿಮೆ. ವಸಾಹತು ಸರಕಾರದ ಕಾಲದಲ್ಲಿ ಅದು ಲಂಡನ್ನಿನ ಸಾಲಪತ್ರಗಳಲ್ಲಿ ಕುಳಿತಿತು. ಅನಂತರ ದೇಶ ಕಟ್ಟುವ ಬಂಡವಾಳವಾಯಿತು. 1954ರಲ್ಲಿ ಕ್ವಾಮೆ ಎನ್‌ಕ್ರುಮಾ ಅವರ ಸರಕಾರ ರೈತನ ಬೆಲೆಯನ್ನು ಮಾರುಕಟ್ಟೆಗಿಂತ ಬಹಳ ಕೆಳಗೆ ನಿಗದಿಪಡಿಸಿದಾಗ ಕುಮಾಸಿ ಪ್ರಾಂತದಲ್ಲಿ ದೊಡ್ಡ ರಾಜಕೀಯ ಚಳವಳಿಯೇ ಎದ್ದಿತು. ಎನ್‌ಕ್ರುಮಾ ಅವರನ್ನು ಸುಲಭವಾಗಿ ದೂಷಿಸಲಾಗದು. 1957ರಲ್ಲಿ ಸ್ವತಂತ್ರವಾದ ಆ ದೇಶಕ್ಕೆ ಶಾಲೆ ಬೇಕು, ಆಸ್ಪತ್ರೆ ಬೇಕು, ವಿದ್ಯುತ್ತು ಬೇಕು. ವೋಲ್ಟಾ ನದಿಗೆ ಅಡ್ಡಲಾಗಿ 1965ರಲ್ಲಿ ಪೂರ್ಣಗೊಂಡ ಅಕೊಸೊಂಬೊ ಅಣೆಕಟ್ಟು ಆ ಹಂಬಲದ ಫಲ. ಅದರ ಜಲಾಶಯಕ್ಕಾಗಿ ಸುಮಾರು 80,000 ಜನ ಊರು ಬಿಟ್ಟರೆಂಬುದೂ ಅದೇ ಚರಿತ್ರೆಗೆ ಸೇರಿದ್ದು. ಈ ಎಲ್ಲ ವೆಚ್ಚಕ್ಕೂ ಕೈಗೆಟಕುವ ಗಂಟು ಒಂದೇ: ಕೊಕೋ.

ಆ ಗಂಟು ಕರಗಿದ್ದು ಹೇಗೆಂಬುದನ್ನು ನೋಡಿ. 1964-65ರಲ್ಲಿ ದಾಖಲೆಯ ಬೆಳೆ ಬಂದಿತು, 5 ಲಕ್ಷ ಟನ್ನಿಗೂ ಮಿಗಿಲಾಗಿ. ಬೆಳೆ ಹೆಚ್ಚಿದುದರಿಂದಲೇ ಲೋಕದ ಮಾರುಕಟ್ಟೆಯಲ್ಲಿ ಬೆಲೆ ಪಾತಾಳಕ್ಕಿಳಿಯಿತು. 1966ರ ಫೆಬ್ರವರಿಯಲ್ಲಿ ಸೇನೆ ಎನ್‌ಕ್ರುಮಾ ಅವರನ್ನು ಪದಚ್ಯುತಗೊಳಿಸಿತು. ಅನಂತರದ ವರ್ಷಗಳಲ್ಲಿ ಹಣದುಬ್ಬರ ಏರುತ್ತ ಹೋದಂತೆ ರೈತನಿಗೆ ದೊರೆಯುವ ಬೆಲೆಯಲ್ಲಿ ತಿರುಳೇ ಉಳಿಯಲಿಲ್ಲ. ಆತ ಹೊಸ ಗಿಡ ನೆಡುವುದನ್ನು ಬಿಟ್ಟ. ಗಡಿಯಾಚೆಗೆ ಕಳ್ಳಸಾಗಣೆ ಬೆಳೆಯಿತು. 1983ರಲ್ಲಿ ಬರ, ಕಾಡುಗಿಚ್ಚು, ಅದರ ಜೊತೆಗೆ ನೈಜೀರಿಯದಿಂದ ಹೊರದೂಡಲ್ಪಟ್ಟು ಹಿಂದಿರುಗಿದ ಲಕ್ಷಾಂತರ ಜನ. 1983-84ರ ಬೆಳೆ 1 ಲಕ್ಷ 60 ಸಾವಿರ ಟನ್ನಿನ ಆಸುಪಾಸಿಗೆ ಇಳಿದಿತ್ತು.

ಆಮೇಲೆ ಚೇತರಿಕೆಯೂ ಉಂಟಾಯಿತು. 2020-21ರಲ್ಲಿ ಬೆಳೆ 10 ಲಕ್ಷ ಟನ್ನನ್ನು ದಾಟಿತು. ಅಷ್ಟರಲ್ಲಿ ಘಾನಾ, ಅದರ ನೆರೆಯ ಐವರಿ ಕೋಸ್ಟ್ ಇವೆರಡೇ ಲೋಕದ ಕೊಕೋದ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಬೆಳೆಯುತ್ತಿದ್ದುವು. ಎರಡೂ ಸರಕಾರಗಳು 2019ರಲ್ಲಿ ಕೈಜೋಡಿಸಿ, ರೈತನ ಜೀವನಾಧಾರಕ್ಕೆಂದು ಟನ್ನಿಗೆ 400 ಡಾಲರ್ ಹೆಚ್ಚುವರಿಯನ್ನು ಖರೀದಿದಾರರಿಂದ ಕೇಳಿದುವು. ಆದರೆ ಲಾಭಾಂಶ ಇನ್ನೂ ದೂರದಲ್ಲೇ ಉಳಿದಿತ್ತು. ಕಾಯಿ ಕೊಯ್ದು, ಒಡೆದು, ಬೀಜವನ್ನು ಬಾಳೆಯೆಲೆಯಲ್ಲಿ ಮುಚ್ಚಿ ಆರೇಳು ದಿನ ಹುದುಗು ಬರಿಸಿ, ಚಾಪೆಯ ಮೇಲೆ ಬಿಸಿಲಿಗೆ ಒಣಗಿಸುವ ರೈತನಿಗೆ ಚಾಕೊಲೇಟಿನ ಮಾರಾಟದ ಬೆಲೆಯಲ್ಲಿ ದೊರೆಯುತ್ತಿದ್ದುದು ನೂರರಲ್ಲಿ ಹತ್ತು ಪಾಲಿಗೂ ಕಡಿಮೆ. ಕೂಲಿಯವರನ್ನು ಕರೆಯಲು ಶಕ್ತಿಯಿಲ್ಲದ ಮನೆಗಳಲ್ಲಿ ಮಕ್ಕಳೇ ಕತ್ತಿ ಹಿಡಿಯುತ್ತಾರೆ. ಎರಡೂ ದೇಶಗಳಲ್ಲಿ 15 ಲಕ್ಷಕ್ಕೂ ಹೆಚ್ಚು ಮಕ್ಕಳು ಕೊಕೋ ತೋಟಗಳಲ್ಲಿ ದುಡಿಯುತ್ತಿದ್ದರೆಂದು ಷಿಕಾಗೊ ವಿಶ್ವವಿದ್ಯಾಲಯಕ್ಕೆ ಸೇರಿದ ಸಂಶೋಧನ ಸಂಸ್ಥೆಯೊಂದು 2020ರ ವರದಿಯಲ್ಲಿ ತಿಳಿಸಿತು.

“ಅಲ್ಲಿಯೇ ಚಾಕೊಲೇಟು ಮಾಡಬಾರದೇಕೆ?” ಎಂದು ಯಾರಾದರೂ ಕೇಳಿಯಾರು. ತೇಮಾ ಬಂದರಿನಲ್ಲಿ ಅಂಥ ಕಾರ್ಖಾನೆ 1960ರ ದಶಕದಿಂದಲೂ ಇದೆ. ಆದರೆ ಚಾಕೊಲೇಟಿಗೆ ಕೊಕೋ ಒಂದೇ ಸಾಲದು. ಹಾಲು ಬೇಕು, ಸಕ್ಕರೆ ಬೇಕು, ತಂಪಾದ ಉಗ್ರಾಣ ಬೇಕು, ಎಲ್ಲಕ್ಕಿಂತ ಮಿಗಿಲಾಗಿ ಕೊಳ್ಳುವವರು ಬೇಕು. ಇಲ್ಲಿ ನಮ್ಮ ದಕ್ಷಿಣ ಕನ್ನಡ ನೆನಪಾಗುತ್ತದೆ. 1980ರ ಸುಮಾರಿನಲ್ಲಿ ಕೊಕೋ ಬೆಲೆ ಕುಸಿದಾಗ ಸಹಕಾರ ಸಂಸ್ಥೆಯಾದ ಕ್ಯಾಂಪ್ಕೊ ಖರೀದಿಗೆ ಇಳಿಯಿತು. 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟು ಕಾರ್ಖಾನೆಯನ್ನೇ ತೆರೆಯಿತು. ಅದು ಸಾಧ್ಯವಾದದ್ದು ಹಾಲು, ಸಕ್ಕರೆ, ಗಿರಾಕಿ ಎಲ್ಲವೂ ದೇಶದೊಳಗೇ ಇದ್ದುದರಿಂದ. ಮೇಲಾಗಿ ನಮ್ಮಲ್ಲಿ ಕೊಕೋ ಅಡಿಕೆಯ ನೆರಳಿನ ಉಪಬೆಳೆ; ಅದು ಕೈಕೊಟ್ಟರೂ ಅಡಿಕೆ ಉಳಿಯುತ್ತದೆ. ಘಾನಾದ ರೈತನಿಗೆ ಕೊಕೋವೇ ಅಡಿಕೆ, ಕೊಕೋವೇ ತೆಂಗು.

ಈಗ ಅವನ ಮುಂದೆ ಇನ್ನೊಂದು ಆಮಿಷ ಬಂದು ನಿಂತಿದೆ. ಅದೇ ಮಣ್ಣಿನ ಕೆಳಗೆ ಚಿನ್ನವಿದೆ. ಪರವಾನಿಗೆಯಿಲ್ಲದ ಗಣಿಗಾರಿಕೆಗೆ ಅಲ್ಲಿ ‘ಗಲಾಮ್ಸೆ’ ಎಂದು ಹೆಸರು. ರೋಗ ಬಡಿದ ಮುದಿ ಗಿಡಗಳ ತೋಟವನ್ನು ರೈತ ಗಣಿಯವರಿಗೆ ಬಿಟ್ಟುಕೊಟ್ಟರೆ ಕೈತುಂಬ ಹಣ ಒಮ್ಮೆಗೇ ಬರುತ್ತದೆ. ಆಮೇಲೆ ಉಳಿಯುವುದು ಕೆಸರುಗುಂಡಿ. ಪ್ರಾ, ಅಂಕೋಬ್ರಾ ನದಿಗಳ ನೀರು ಮಣ್ಣುಬಣ್ಣಕ್ಕೆ ತಿರುಗಿದೆ. 2023-24ರಲ್ಲಿ ಕೊಕೋ ಬೆಳೆ ಮೂರೇ ವರ್ಷಗಳ ಹಿಂದಿನದರ ಅರ್ಧದಷ್ಟಾಯಿತು. ಪೂರೈಕೆ ಕುಗ್ಗಿ 2024ರ ಡಿಸೆಂಬರಿನಲ್ಲಿ ಲೋಕದ ಬೆಲೆ ಟನ್ನಿಗೆ 12,000 ಡಾಲರನ್ನು ದಾಟಿತು. ಆದರೆ ಮಂಡಲಿ ಬೆಳೆಯ ಬಹುಭಾಗವನ್ನು ಹಳೆಯ ದರದಲ್ಲಿ ಮುಂಚಿತವಾಗಿಯೇ ಮಾರಿಕೊಂಡಿತ್ತು. ಸರಕಾರ ರೈತನ ದರವನ್ನು ಆ ವರ್ಷ ಒಂದಕ್ಕಿಂತ ಹೆಚ್ಚು ಸಲ ಏರಿಸಿದರೂ ಆ ಏರಿಕೆಯ ಪೂರ್ಣ ಫಲ ಅವನಿಗೆ ದಕ್ಕಲಿಲ್ಲ. 2025ರಲ್ಲಿ ಬೆಲೆ ಮತ್ತೆ ಇಳಿಯಿತು. ಸರಕಾರವಾದರೂ ಏನು ಮಾಡೀತು? 2022ರ ಡಿಸೆಂಬರಿನಲ್ಲಿ ವಿದೇಶಿ ಸಾಲದ ಬಹುಭಾಗದ ಮರುಪಾವತಿಯನ್ನೇ ನಿಲ್ಲಿಸಿ, ಮರುವರ್ಷ ಅಂತರರಾಷ್ಟ್ರೀಯ ಹಣಕಾಸು ನಿಧಿಯಿಂದ 300 ಕೋಟಿ ಡಾಲರಿನ ನೆರವನ್ನು ಪಡೆಯಬೇಕಾಗಿ ಬಂದ ಸರಕಾರ ಅದು.

ಇದೆಲ್ಲದರಿಂದ ನನಗೆ ತೋರುವುದಿಷ್ಟು. ಹೊರಗಿನ ಮಾರುಕಟ್ಟೆಯ ಅನ್ಯಾಯವೊಂದೇ ಘಾನಾದ ಕಷ್ಟಕ್ಕೆ ಕಾರಣವೆಂದರೆ ಸಾಲದು, ಒಳಗಿನ ಆಡಳಿತದ ದೋಷವೊಂದೇ ಎಂದರೂ ಸಾಲದು. ಅಭಿವೃದ್ಧಿಯ ಹೆಸರಿನಲ್ಲಿ ಮೂರು ತಲೆಮಾರು ಒಂದೇ ವರ್ಗದವರಿಂದ ಹಣ ಪಡೆದ ಮೇಲೆ, ಆ ವರ್ಗಕ್ಕೆ ಗಿಡ ನೆಡುವ ಉತ್ಸಾಹವೇ ಉಳಿಯದ ಸ್ಥಿತಿ ಬಂದಿದೆ. ಕೊಕೋ ಗಿಡ ನೆಟ್ಟವನು ಫಲಕ್ಕಾಗಿ ಮೂರು ನಾಲ್ಕು ವರ್ಷ ಕಾಯಬೇಕು. ಅಷ್ಟು ವರ್ಷಗಳ ಆಚೆಗೂ ತನಗೆ ನ್ಯಾಯವಾದ ಬೆಲೆ ಸಿಕ್ಕೀತೆಂಬ ಭರವಸೆಯನ್ನು ರೈತನಿಗೆ ಕೊಡಬಲ್ಲ ವ್ಯವಸ್ಥೆ ಇಂದು ಆ ದೇಶಕ್ಕೆ ಬೇಕಾಗಿದೆ. ಅದನ್ನು ಕಟ್ಟಿಕೊಳ್ಳುವುದು ಅಕ್ರಾದ ಸರಕಾರದ ಕೆಲಸ. ಅದಕ್ಕೆ ಅವಕಾಶ ಮಾಡಿಕೊಡುವುದು ಅಗ್ಗದ ಚಾಕೊಲೇಟು ತಿನ್ನುತ್ತಿರುವ ಲೋಕದ ಕೆಲಸ.

(ಬಾನುಲಿ ಭಾಷಣ)