ರೈಲಿನಲ್ಲಿ ಝೆರ್ಮಟ್: ಒಂದೇ ದಾರಿಯ ಲಾಭ-ನಷ್ಟ

ಸ್ವಿಟ್ಜರ್ಲೆಂಡಿನ ಮ್ಯಾಟರ್‌ಹಾರ್ನ್ ಪರ್ವತದ ಬುಡದಲ್ಲಿ, ಸುಮಾರು 1,600 ಮೀಟರ್ ಎತ್ತರದಲ್ಲಿರುವ ಝೆರ್ಮಟ್ ಸ್ಕೀಯಿಂಗ್ ಕ್ರೀಡೆಗೆ ಪ್ರಸಿದ್ಧವಾದ ಊರು. ಪ್ರವಾಸಿಗಳ ಕಾರುಗಳಿಗೆ ಅಲ್ಲಿ ಪ್ರವೇಶವಿಲ್ಲ. ಅವು ಐದು ಕಿ.ಮೀ. ಕೆಳಗಿನ ಟೇಶ್ ಗ್ರಾಮದಲ್ಲಿಯೇ ನಿಲ್ಲಬೇಕು. ಅಲ್ಲಿಂದ ಮುಂದೆ ರೈಲಿನಲ್ಲಿ ಹನ್ನೆರಡು ನಿಮಿಷಗಳ ಪ್ರಯಾಣ.

ಜ್ಯೂರಿಕ್‌ನಿಂದ ಬರುವವರು ಫಿಸ್ಪ್ ನಿಲ್ದಾಣದಲ್ಲಿ ಇಳಿದು ಮೀಟರ್ ಗೇಜ್ ರೈಲನ್ನು ಏರಬೇಕು. ಒಟ್ಟು ಪ್ರಯಾಣ ಸುಮಾರು ಮೂರೂಕಾಲು ಗಂಟೆ. 2007ರಲ್ಲಿ ತೆರೆದ 34.6 ಕಿ.ಮೀ. ಉದ್ದದ ಲೋಚ್‌ಬರ್ಗ್ ಸುರಂಗವು ಈ ಅವಧಿಯನ್ನು ತಗ್ಗಿಸಿತು. ಫಿಸ್ಪ್‌ನಿಂದ ಮೇಲಕ್ಕೆ ಸಾಗುವ ಮಾರ್ಗವು 1891ರದು. ಕಡಿದಾದ ಏರಿನಲ್ಲಿ ಇಂಜಿನ್ನಿನ ಹಲ್ಲುಚಕ್ರವು ಹಳಿಗಳ ನಡುವಿನ ಹಲ್ಲುಪಟ್ಟಿಯನ್ನು ಹಿಡಿದು ರೈಲನ್ನು ಮೇಲೇರಿಸುತ್ತದೆ.

ಕಾರುಗಳಿಲ್ಲದ ಕಾರಣ ಊರಿನ ವ್ಯಾಪಾರ ಕುಗ್ಗಿಲ್ಲ. ನಿಶ್ಶಬ್ದವೂ ಶುದ್ಧ ಗಾಳಿಯೂ ಅಲ್ಲಿ ಬೆಲೆಯುಳ್ಳ ಸರಕುಗಳೇ ಆಗಿವೆ. ಊರೊಳಗೆ ಓಡುವ ಪುಟ್ಟ ವಿದ್ಯುತ್ ವಾಹನಗಳನ್ನು ಸ್ಥಳೀಯ ಸಣ್ಣ ತಯಾರಕರೇ ನಿರ್ಮಿಸುತ್ತ ಬಂದಿದ್ದಾರೆ.

ಆದರೆ ಲೆಕ್ಕಪುಸ್ತಕಕ್ಕೆ ಎರಡು ಬದಿಗಳುಂಟು. 2018ರ ಜನವರಿಯಲ್ಲಿ ಭಾರಿ ಹಿಮಪಾತದಿಂದ ರಸ್ತೆ, ರೈಲು ಎರಡೂ ಮುಚ್ಚಿ, ಸುಮಾರು 13,000 ಪ್ರವಾಸಿಗಳು ಅಲ್ಲಿಯೇ ಸಿಲುಕಿದರು. ಕೆಲವರನ್ನು ಹೆಲಿಕಾಪ್ಟರಿನಲ್ಲಿ ಸಾಗಿಸಬೇಕಾಯಿತು. ಆದ್ದರಿಂದ ಚಳಿಗಾಲದಲ್ಲಿ ಹೋಗುವವರು ಮರುಪ್ರಯಾಣದ ವಿಮಾನಕ್ಕೆ ಮುನ್ನ ಒಂದು ದಿನವನ್ನಾದರೂ ಬಿಡುವಾಗಿರಿಸಿಕೊಳ್ಳುವುದು, ಟಿಕೆಟ್ ರದ್ದತಿಯ ನಿಯಮಗಳನ್ನು ಮೊದಲೇ ಓದಿಕೊಳ್ಳುವುದು ಲೇಸು. ಒಬ್ಬನೇ ಸರಬರಾಜುದಾರನನ್ನು ನೆಚ್ಚಿರುವ ಉದ್ಯಮಿಗೂ ಇದೇ ಮಾತು ಅನ್ವಯಿಸುತ್ತದೆ.